ಹರಿದ ಮಂಡಿ ಲಿಗಮೆಂಟ್ ಮತ್ತೆ ಬೆಳೆಯುತ್ತಾ? ಜೀನ್, ಸ್ಟೆಮ್ ಸೆಲ್ ಸುದ್ದಿಗಳ ಗಂಟು ಬಿಡಿಸಿದರೆ ಕಾಣುವುದು

ಬೆಂಗಳೂರಿನ ಹೆಸರು ಸೇರಿಕೊಂಡ ಎರಡು ವೈದ್ಯಕೀಯ ಸುದ್ದಿಗಳು ಈಚಿನ ವರ್ಷಗಳಲ್ಲಿ ಬಂದವು. ಎರಡೂ ನಿಜ. 2022ರಲ್ಲಿ ಇಲ್ಲಿನ ಸ್ಟೆಂಪ್ಯೂಟಿಕ್ಸ್ ಕಂಪನಿಯ ಸ್ಟೆಮ್ ಸೆಲ್ (ಬೇರೆ ಬಗೆಯ ಕೋಶಗಳಾಗಿ ಬದಲಾಗಬಲ್ಲ ಮೂಲ ಕೋಶ) ಇಂಜೆಕ್ಷನ್ ಮಂಡಿ ಸವೆತಕ್ಕೆ ಔಷಧ ನಿಯಂತ್ರಕರ ಒಪ್ಪಿಗೆ ಪಡೆದು ಮಾರುಕಟ್ಟೆಗೆ ಬಂತು. 2024ರ ಡಿಸೆಂಬರ್‌ನಲ್ಲಿ, ರಕ್ತ ಸರಿಯಾಗಿ ಹೆಪ್ಪುಗಟ್ಟದ ಹಿಮೊಫಿಲಿಯಾ ಕಾಯಿಲೆ ಇರುವ 5 ಜನರಿಗೆ ವೆಲ್ಲೂರಿನ ವೈದ್ಯರು ಜೀನ್ ಚಿಕಿತ್ಸೆ ಕೊಟ್ಟ ವರದಿ ಪ್ರಕಟವಾಯಿತು. ಆ ಕೆಲಸದಲ್ಲಿ ಬೆಂಗಳೂರಿನ ಇನ್‌ಸ್ಟೆಮ್ ಸಂಸ್ಥೆಯ ವೆಲ್ಲೂರು ಘಟಕದ ಪಾಲಿತ್ತು.

ಇವೆರಡರ ಪಕ್ಕದಲ್ಲೇ ಮೊಬೈಲಿಗೆ ಇನ್ನೊಂದು ಬಂದು ಬೀಳುತ್ತದೆ. ಆಪರೇಷನ್ ಬೇಡ, ಹರಿದ ಲಿಗಮೆಂಟನ್ನು ಸ್ಟೆಮ್ ಸೆಲ್‌ನಿಂದ ಮತ್ತೆ ಬೆಳೆಸುತ್ತೇವೆ ಎನ್ನುವ ಜಾಹೀರಾತು. ಟರ್ಫ್‌ನಲ್ಲಿ ಫುಟ್‌ಬಾಲ್ ಆಡುವಾಗ, ಕಬಡ್ಡಿಯಲ್ಲಿ ಹಿಡಿತಕ್ಕೆ ಸಿಕ್ಕಾಗ, ಸ್ಕೂಟರ್ ಜಾರಿ ಕಾಲು ಊರಿದಾಗ ಮಂಡಿ ತಿರುಚಿಕೊಂಡವರು ಈ ಮೂರನ್ನೂ ಒಟ್ಟಿಗೆ ಓದುತ್ತಾರೆ. ಸ್ಟೆಮ್ ಸೆಲ್‌ಗೆ ಒಪ್ಪಿಗೆ ಸಿಕ್ಕಿದೆ, ಜೀನ್ ಚಿಕಿತ್ಸೆಯೂ ನಮ್ಮಲ್ಲೇ ಗೆದ್ದಿದೆ, ಹಾಗಾದರೆ ಲಿಗಮೆಂಟ್ ಯಾಕೆ ಬೆಳೆಯಬಾರದು ಎಂದು ಅನ್ನಿಸುವುದು ಸಹಜ ಅಲ್ವಾ?

ತೊಂದರೆ ಏನೆಂದರೆ ಈ ಮೂರೂ ಬೇರೆ ಬೇರೆ ಕಾಯಿಲೆಯ ಮಾತು. ಒಂದರ ಗೆಲುವು ಇನ್ನೊಂದಕ್ಕೆ ಸಾಕ್ಷಿ ಆಗುವುದಿಲ್ಲ.

## ಎರಡು ಸುದ್ದಿಗಳು ನಿಜಕ್ಕೂ ಹೇಳಿದ್ದೇನು

ಮೊದಲು ಮಂಡಿ ಸವೆತದ ಇಂಜೆಕ್ಷನ್. ದಾನಿಗಳ ಮೂಳೆ ಮಜ್ಜೆಯಿಂದ ಕೋಶಗಳನ್ನು ತೆಗೆದು, ಲ್ಯಾಬಿನಲ್ಲಿ ಬೆಳೆಸಿ, ಒಂದು ಮಂಡಿಗೆ 2.5 ಕೋಟಿ ಕೋಶಗಳನ್ನು ಕೊಡುತ್ತಾರೆ. ಮೂರನೇ ಹಂತದ ಪರೀಕ್ಷೆಯಲ್ಲಿ 146 ರೋಗಿಗಳಿದ್ದರು. ಅರ್ಧ ಜನರಿಗೆ ಕೋಶ, ಉಳಿದವರಿಗೆ ಕೋಶವಿಲ್ಲದ ಇಂಜೆಕ್ಷನ್. ಕೋಶ ಪಡೆದವರಿಗೆ ನೋವು, ಬಿಗಿತ ಕಡಿಮೆಯಾಯಿತು. ಒಪ್ಪಿಗೆ ಸಿಕ್ಕಿದ್ದು ಈ ಸವೆತಕ್ಕೆ. ಲಿಗಮೆಂಟ್ ಹರಿತ ಆ ಒಪ್ಪಿಗೆಯೊಳಗೆ ಬರುವುದಿಲ್ಲ.

ಹಿಮೊಫಿಲಿಯಾದಲ್ಲಿ ರಕ್ತ ಹೆಪ್ಪುಗಟ್ಟಲು ಬೇಕಾದ ಒಂದು ಪ್ರೋಟೀನ್ ಇರುವುದಿಲ್ಲ. ರೋಗಿಯದೇ ರಕ್ತದ ಸ್ಟೆಮ್ ಸೆಲ್ ತೆಗೆದು, ಅದರೊಳಗೆ ಆ ಪ್ರೋಟೀನಿನ ಜೀನ್ ಸೇರಿಸಿ, ವಾಪಸ್ ಕೊಟ್ಟರು. ವರದಿ ಮಾಡಿದ ಅವಧಿಯಲ್ಲಿ ಐದೂ ಜನರಿಗೆ ರಕ್ತಸ್ರಾವ ಆಗಲಿಲ್ಲ. ದೊಡ್ಡ ಸಾಧನೆ ಇದು. ಆದರೆ ಅಲ್ಲಿ ಬೇಕಾಗಿದ್ದು ರಕ್ತದಲ್ಲಿ ಕರಗಿ ಓಡಾಡುವ ಒಂದು ಪದಾರ್ಥ. ಅದು ಮೈಯಲ್ಲಿ ಎಲ್ಲಿ ತಯಾರಾದರೂ ಕೆಲಸ ನಡೆಯುತ್ತದೆ.

ಲಿಗಮೆಂಟ್ ಹಾಗಲ್ಲ, ಅದು ಎರಡು ಮೂಳೆಗಳನ್ನು ಕಟ್ಟಿ ಹಿಡಿಯುವ ಹಗ್ಗ. ತೆಂಗಿನ ನಾರನ್ನು ಎಷ್ಟು ಸುರಿದರೂ ಹಗ್ಗ ಆಗುವುದಿಲ್ಲ. ಒಂದೇ ದಿಕ್ಕಿಗೆ ಹಿಡಿದು ಹೊಸೆಯಬೇಕು, ಎರಡು ತುದಿಯನ್ನೂ ಗಟ್ಟಿಯಾಗಿ ಕಟ್ಟಬೇಕು. ಜೀನ್ ಆಗಲಿ ಸ್ಟೆಮ್ ಸೆಲ್ ಆಗಲಿ, ಮಂಡಿಯಲ್ಲಿ ಎದುರಿಸಬೇಕಾದ ಕಷ್ಟ ಈ ಹೊಸೆಯುವ ಕೆಲಸದ್ದು.

## ಒಳಗಿನ ಲಿಗಮೆಂಟ್ ಯಾಕೆ ಕೂಡಿಕೊಳ್ಳುವುದಿಲ್ಲ

ಮಂಡಿಯಲ್ಲಿ ನಾಲ್ಕು ಮುಖ್ಯ ಲಿಗಮೆಂಟುಗಳಿವೆ. ಒಳಪಕ್ಕದಲ್ಲಿ ಒಂದು, ಹೊರಪಕ್ಕದಲ್ಲಿ ಒಂದು, ಕೀಲಿನ ನಡುವೆ ಅಡ್ಡಡ್ಡ ದಾಟುವ ಎರಡು. ನಡುವಿನ ಎರಡರಲ್ಲಿ ಮುಂದಿನದು ಎಸಿಎಲ್. ಸುಮಾರು 3 ಸೆಂಟಿಮೀಟರ್ ಉದ್ದ, 1 ಸೆಂಟಿಮೀಟರ್ ಅಗಲ, ಅಷ್ಟೇ. ಆದರೂ ವಯಸ್ಸಿನ ಹುಡುಗರಲ್ಲಿ ಅದು 200 ಕಿಲೋಗಿಂತ ಜಾಸ್ತಿ ಭಾರದ ಎಳೆತ ತಡೆಯಬಲ್ಲದು.

ಒಳಪಕ್ಕದ ಲಿಗಮೆಂಟ್ ಹರಿದರೆ ಸಾಮಾನ್ಯವಾಗಿ ಬ್ರೇಸ್ ಹಾಕಿ ಕೆಲವು ವಾರ ಬಿಟ್ಟರೆ ಕೂಡಿಕೊಳ್ಳುತ್ತದೆ. ಎಸಿಎಲ್ ಪೂರ್ತಿ ಹರಿದರೆ ಹಲವರಲ್ಲಿ ಕೂಡಿಕೊಳ್ಳುವುದಿಲ್ಲ. ಒಂದೇ ಮಂಡಿ, ಒಂದೇ ರಕ್ತ, ಎರಡು ನಡವಳಿಕೆ. ಯಾಕೆ?

ಕೈ ಕುಯ್ದುಕೊಂಡಾಗ ಮೊದಲು ರಕ್ತ ಹೆಪ್ಪುಗಟ್ಟುತ್ತದೆ. ಆ ಹೆಪ್ಪು ಗಾಯದ ಎರಡು ಅಂಚುಗಳ ನಡುವೆ ಸೇತುವೆ ಆಗುತ್ತದೆ. ಕೋಶಗಳು ಅದರ ಮೇಲೆ ಹತ್ತಿ ಬಂದು ಹೊಸ ಅಂಗಾಂಶ ಕಟ್ಟುತ್ತವೆ. ಎಸಿಎಲ್ ಇರುವುದು ಕೀಲಿನ ದ್ರವ ತುಂಬಿದ ಜಾಗದಲ್ಲಿ. ಅಲ್ಲಿ ರಕ್ತ ಬಂದರೂ ಹೆಪ್ಪು ನಿಲ್ಲದೆ ಕರಗಿಹೋಗುತ್ತದೆ. ಸೇತುವೆ ಇಲ್ಲ, ಹಾಗಾಗಿ ದಾಟುವ ದಾರಿಯೂ ಇಲ್ಲ. ಸ್ವಲ್ಪ ದಿನಕ್ಕೆ ಹರಿದ ತುದಿಗಳ ಮೇಲೆ ತೆಳುವಾದ ಪೊರೆ ಬೆಳೆದು, ತುದಿಗಳು ಮೊಂಡಾಗಿ ಹಿಂದಕ್ಕೆ ಸರಿಯುತ್ತವೆ.

ಬಾಸ್ಟನ್‌ನ ಸಂಶೋಧಕಿ ಮಾರ್ಥಾ ಮರ್ರೆ ಮತ್ತವರ ತಂಡ ಹರಿದ ಎಸಿಎಲ್ ತುದಿಗಳನ್ನು ಪರೀಕ್ಷಿಸಿದಾಗ, ಒಳಗಿನ ಕೋಶಗಳು ಸತ್ತಿರಲಿಲ್ಲ. ಅವು ಹೆಚ್ಚುತ್ತಾ, ಕೆಲಸಕ್ಕೆ ತಯಾರಾಗೇ ಇದ್ದವು. ಈ ಒಂದು ಅಂಶವನ್ನು ನೆನಪಿಟ್ಟುಕೊಂಡರೆ ಮುಂದಿನದೆಲ್ಲ ಸುಲಭವಾಗಿ ಅರ್ಥವಾಗುತ್ತದೆ. ಎಸಿಎಲ್‌ಗೆ ಕೋಶಗಳ ಕೊರತೆಗಿಂತ ಸೇತುವೆಯ ಕೊರತೆ ದೊಡ್ಡದು. ಬರೀ ಕೋಶಗಳನ್ನು ಮಂಡಿಯೊಳಗೆ ಚುಚ್ಚಿದರೆ, ಇಲ್ಲದ ಸೇತುವೆಯ ಎರಡೂ ಕಡೆ ಜನ ಜಾಸ್ತಿ ಮಾಡಿದ ಹಾಗೆ.

## ಜೀನ್ ಸೇರಿಸುವ ಯೋಚನೆ ಎಲ್ಲಿಂದ ಬಂತು

ಗಾಯ ಮಾಯುವಾಗ ಕೋಶಗಳಿಗೆ ಬೆಳೆಯಿರಿ, ಕೊಲಾಜೆನ್ (ಲಿಗಮೆಂಟಿನ ನಾರು) ತಯಾರಿಸಿ ಎಂದು ಸೂಚನೆ ಕೊಡುವ ಪ್ರೋಟೀನುಗಳಿವೆ. ಬೆಳವಣಿಗೆ ಅಂಶಗಳು ಅಂತ ಅವನ್ನು ಕರೆಯುತ್ತಾರೆ. ಇವನ್ನು ನೇರವಾಗಿ ಮಂಡಿಗೆ ಚುಚ್ಚಬಹುದು. ಆದರೆ ಅವು ಹೆಚ್ಚು ಹೊತ್ತು ಉಳಿಯುವುದಿಲ್ಲ, ಬೇಗ ಒಡೆದು ಹೋಗುತ್ತವೆ. ಲಿಗಮೆಂಟ್ ಮಾಯಲು ತಿಂಗಳುಗಳು ಬೇಕು. ದಿನಾ ಮಂಡಿಗೆ ಸೂಜಿ ಚುಚ್ಚುತ್ತಾ ಕೂರುವುದಕ್ಕೆ ಆಗುತ್ತದೆಯೇ?

ಅದಕ್ಕೆ ಹುಡುಕಿದ ದಾರಿ ಜೀನ್ ವರ್ಗಾವಣೆ. ಅಡುಗೆ ಕಳಿಸುವ ಬದಲು ಅಡುಗೆಯ ವಿಧಾನವನ್ನೇ ಬರೆದು ಕಳಿಸುವುದು. ಜೀನ್ ಒಳಗೆ ಹೋದರೆ ಕೋಶವೇ ಆ ಪ್ರೋಟೀನನ್ನು ವಾರಗಟ್ಟಲೆ ತಯಾರಿಸುತ್ತದೆ. ಸಾಗಿಸಲು ಸಾಮಾನ್ಯವಾಗಿ ರೋಗ ತರುವ ಶಕ್ತಿ ತೆಗೆದ ವೈರಸ್ ಬಳಸುತ್ತಾರೆ. ಅಡಿನೋವೈರಸ್ ತಂದ ಜೀನ್ ಕೆಲವು ವಾರ ಕೆಲಸ ಮಾಡಿ ನಿಲ್ಲುತ್ತದೆ. ಲೆಂಟಿವೈರಸ್ ಜೀನನ್ನು ಕೋಶದ ಡಿಎನ್‌ಎಗೇ ಸೇರಿಸುತ್ತದೆ, ಹಾಗಾಗಿ ತುಂಬಾ ಕಾಲ ಉಳಿಯುತ್ತದೆ. ವೈರಸ್ಸನ್ನು ನೇರವಾಗಿ ಕೀಲಿಗೆ ಕೊಡಬಹುದು. ಇಲ್ಲವೇ ಕೋಶಗಳನ್ನು ಹೊರಗೆ ತೆಗೆದು, ಲ್ಯಾಬಿನಲ್ಲಿ ಜೀನ್ ಸೇರಿಸಿ, ವಾಪಸ್ ಇಡಬಹುದು. ಜೀನೂ ಸ್ಟೆಮ್ ಸೆಲ್ಲೂ ಒಂದಾಗುವುದು ಈ ಎರಡನೇ ದಾರಿಯಲ್ಲಿ: ಸ್ಟೆಮ್ ಸೆಲ್ ಗಾಡಿಯೂ ಹೌದು, ಕೆಲಸಗಾರನೂ ಹೌದು.

ಕೀಲಿಗೆ ಜೀನ್ ಕೊಡುವ ಪ್ರಯತ್ನ ಹೊಸದೇನಲ್ಲ. 1996ರಲ್ಲೇ ಅಮೆರಿಕದ ಪಿಟ್ಸ್‌ಬರ್ಗ್‌ನಲ್ಲಿ ಸಂಧಿವಾತದ ರೋಗಿಗಳ ಬೆರಳಿನ ಕೀಲುಗಳಿಗೆ ಜೀನ್ ಸೇರಿಸಿದ ಕೋಶಗಳನ್ನು ಕೊಟ್ಟು ನೋಡಿದ್ದರು. ಲಿಗಮೆಂಟ್ ವಿಷಯದಲ್ಲಿ ಇಲಿ, ಮೊಲ, ಕುರಿಗಳ ಮೇಲೆ 1990ರ ದಶಕದಿಂದ ಕೆಲಸ ನಡೆದಿದೆ. ಮೊಲಗಳಲ್ಲಿ ಹೊಸದಾಗಿ ಜೋಡಿಸಿದ ಲಿಗಮೆಂಟ್ ಮೂಳೆಗೆ ಬೇಗ ಅಂಟಿಕೊಂಡದ್ದು ಕಂಡಿದೆ. ಉತ್ಸಾಹ ಬರುವುದು ಇಂಥ ಫಲಿತಾಂಶಗಳಿಂದ, ಆ ಉತ್ಸಾಹ ಸುಳ್ಳಲ್ಲ.

ಆದರೆ ಸೂಚನೆ ತಪ್ಪಿದರೆ ಏನಾಗುತ್ತದೆ ಎನ್ನುವುದನ್ನೂ ಪ್ರಾಣಿಗಳೇ ತೋರಿಸಿವೆ. ರಕ್ತನಾಳ ಬೆಳೆಸುವ ಪ್ರೋಟೀನ್ ಕೊಟ್ಟರೆ ಲಿಗಮೆಂಟ್ ಚೆನ್ನಾಗಿ ಮಾಯುತ್ತದೆ ಎಂದು ಯಾರಾದರೂ ಅಂದುಕೊಳ್ಳುತ್ತಾರೆ. ಕುರಿಗಳಲ್ಲಿ ಕೊಟ್ಟು ನೋಡಿದಾಗ ರಕ್ತನಾಳಗಳು ನಿಜವಾಗಿಯೂ ಹೆಚ್ಚಾದವು, ಆದರೆ ಜೋಡಿಸಿದ ಲಿಗಮೆಂಟ್ ಸಡಿಲವಾಯಿತು. ಮೊಲಗಳ ಸ್ನಾಯುರಜ್ಜುವಿಗೆ (ಸ್ನಾಯುವನ್ನು ಮೂಳೆಗೆ ಕಟ್ಟುವ ನಾರಿಗೆ) ಸ್ಟೆಮ್ ಸೆಲ್ ಇಟ್ಟ ಇನ್ನೊಂದು ಪ್ರಯೋಗದಲ್ಲಿ ಕೆಲವು ಮೊಲಗಳಿಗೆ ಆ ಜಾಗದಲ್ಲಿ ಮೂಳೆಯೇ ಬೆಳೆಯಿತು. ಹಗ್ಗದ ನಡುವೆ ಕಲ್ಲು ಸಿಕ್ಕಿಕೊಂಡ ಹಾಗೆ. ಯಾವ ಜೀನ್, ಎಷ್ಟು, ಎಷ್ಟು ದಿನ, ಎಲ್ಲಿ ನಿಲ್ಲಿಸಬೇಕು: ಈ ನಾಲ್ಕಕ್ಕೂ ಉತ್ತರ ಸಿಗದೆ ಮನುಷ್ಯರ ಮಂಡಿಗೆ ಬರುವಂತಿಲ್ಲ. ಹರಿದ ಲಿಗಮೆಂಟಿಗೆ ಜೀನ್ ಚಿಕಿತ್ಸೆ ಎಂದು ಮಾರಲು ಇವತ್ತಿಗೂ ಯಾವ ದೇಶದಲ್ಲೂ ಒಪ್ಪಿಗೆ ಇಲ್ಲ.

## ಸ್ಟೆಮ್ ಸೆಲ್ ಎಂಬ ಹೆಸರೇ ತಂದ ಗೊಂದಲ

ಮೂಳೆ ಮಜ್ಜೆ, ಕೊಬ್ಬು ಇವುಗಳಿಂದ ತೆಗೆಯುವ ಈ ಕೋಶಗಳಿಗೆ ಮೆಸೆಂಕೈಮಲ್ ಸ್ಟೆಮ್ ಸೆಲ್ ಎಂಬ ಹೆಸರನ್ನು 1991ರಲ್ಲಿ ಜನಪ್ರಿಯ ಮಾಡಿದವರು ಅಮೆರಿಕದ ವಿಜ್ಞಾನಿ ಆರ್ನಾಲ್ಡ್ ಕ್ಯಾಪ್ಲನ್. ಮೂಳೆ, ಮೃದ್ವಸ್ಥಿ (ಕೀಲಿನ ಮೆತ್ತನೆಯ ಮೂಳೆ), ಕೊಬ್ಬು ಏನು ಬೇಕಾದರೂ ಆಗಬಲ್ಲ ಕೋಶ ಎಂಬ ಚಿತ್ರ ಜನರ ಮನಸ್ಸಲ್ಲಿ ನಿಂತಿತು. 2017ರಲ್ಲಿ ಅದೇ ಕ್ಯಾಪ್ಲನ್ ಈ ಹೆಸರು ಬದಲಾಯಿಸೋಣ ಎಂದು ಬರೆದರು. ಮೈಯೊಳಗೆ ಚುಚ್ಚಿದಾಗ ಈ ಕೋಶಗಳು ಹೊಸ ಅಂಗಾಂಶವಾಗಿ ಬದಲಾಗುವುದಕ್ಕಿಂತ, ಸುತ್ತಲಿನ ಕೋಶಗಳಿಗೆ ಸೂಚನೆ ಕೊಡುವ ಪದಾರ್ಥಗಳನ್ನು ಬಿಡುವುದೇ ಮುಖ್ಯ ಕೆಲಸ ಎಂಬುದು ಅವರ ವಾದ. ಸ್ಟೆಮ್ ಸೆಲ್ ಎನ್ನುವ ಪದ ರೋಗಿಗಳನ್ನು ದಾರಿ ತಪ್ಪಿಸುತ್ತಿದೆ ಎಂದು ಅವರು ಹೇಳಿದ್ದರು.

ಸವೆತದಲ್ಲಿ ನೋವು ಇಳಿಯುವುದಕ್ಕೂ ಲಿಗಮೆಂಟ್ ಬೆಳೆಯುವುದಕ್ಕೂ ಇರುವ ಅಂತರ ಇಲ್ಲಿ ಕಾಣುತ್ತದೆ. ಉರಿಯೂತ ತಣ್ಣಗಾದರೆ ನೋವು ಇಳಿಯುತ್ತದೆ, ಅದಕ್ಕೆ ಸೂಚನೆ ಸಾಕಾಗಬಹುದು. ಎರಡು ಮೂಳೆಗಳ ನಡುವೆ ಹರಿದ ಹಗ್ಗ ಮತ್ತೆ ಎಳೆತ ತಡೆಯಬೇಕಾದರೆ ಸೂಚನೆ ಸಾಲದು.

## ಕೊರಿಯಾದಲ್ಲಿ ಆದದ್ದು

ಜೀನ್ ಸೇರಿಸಿದ ಕೋಶಗಳನ್ನು ಮಂಡಿಗೆ ಕೊಡುವ ಔಷಧಕ್ಕೆ ಒಂದು ದೇಶ ಒಪ್ಪಿಗೆ ಕೊಟ್ಟಿದ್ದೂ ಉಂಟು. 2017ರಲ್ಲಿ ದಕ್ಷಿಣ ಕೊರಿಯಾ ಇನ್‌ವೊಸಾ ಎಂಬ ಇಂಜೆಕ್ಷನ್‌ಗೆ ಮಂಡಿ ಸವೆತಕ್ಕಾಗಿ ಅನುಮತಿ ಕೊಟ್ಟಿತು. ಮೃದ್ವಸ್ಥಿಯ ಕೋಶಗಳಿಗೆ ಬೆಳವಣಿಗೆ ಅಂಶದ ಜೀನ್ ಸೇರಿಸಿದ್ದೇವೆ ಎಂದು ತಯಾರಕರು ಹೇಳಿದ್ದರು. 2019ರಲ್ಲಿ ಪರೀಕ್ಷಿಸಿದಾಗ, ಜೀನ್ ಸೇರಿಸಿದ ಆ ಕೋಶಗಳು ಮೃದ್ವಸ್ಥಿಯದೇ ಅಲ್ಲ ಎಂದು ಗೊತ್ತಾಯಿತು. ಅವು ಮೂತ್ರಪಿಂಡದ ಮೂಲದ, ಲ್ಯಾಬ್‌ಗಳಲ್ಲಿ ಬಳಸುವ ಕೋಶಗಳಾಗಿದ್ದವು. ಅದೇ ವರ್ಷ ಅನುಮತಿ ರದ್ದಾಯಿತು. ಅಷ್ಟರಲ್ಲಿ ಸಾವಿರಾರು ಜನ ಆ ಇಂಜೆಕ್ಷನ್ ತೆಗೆದುಕೊಂಡಿದ್ದರು.

ಮಾತ್ರೆಯಲ್ಲಿ ಏನಿದೆ ಎಂದು ಪರೀಕ್ಷೆ ಮಾಡಿ ಹೇಳುವುದು ಸುಲಭ. ಬಾಟಲಿಯಲ್ಲಿರುವ ಜೀವಂತ ಕೋಶ ಯಾವುದು ಎಂದು ಹೇಳಲು ಪ್ರತಿ ಹಂತದಲ್ಲೂ ತಪಾಸಣೆ ಬೇಕು. ಬಿಗಿಯಾದ ವ್ಯವಸ್ಥೆ ಇರುವ ದೇಶದಲ್ಲೇ ಇಷ್ಟು ದೊಡ್ಡ ತಪ್ಪು ವರ್ಷಗಟ್ಟಲೆ ಕಣ್ಣಿಗೆ ಬೀಳಲಿಲ್ಲ ಎಂದರೆ, ಕ್ಲಿನಿಕ್ಕಿನ ಹಿಂದಿನ ಕೋಣೆಯಲ್ಲಿ ಮಜ್ಜೆಯನ್ನು ಯಂತ್ರದಲ್ಲಿ ತಿರುಗಿಸಿ ಕೊಡುವ ಕಡೆ ಆ ಬಾಟಲಿಯಲ್ಲಿ ಏನಿದೆ ಎಂದು ನೋಡುವವರು ಯಾರು?

## ಸೇತುವೆ ಕಟ್ಟುವ ಪ್ರಯತ್ನ

ಎಸಿಎಲ್ ಪೂರ್ತಿ ಹರಿದು ಮಂಡಿ ಜಾರುತ್ತಿದ್ದರೆ ಬೆಂಗಳೂರಿನ ಸರ್ಕಾರಿ, ಖಾಸಗಿ ಆಸ್ಪತ್ರೆಗಳಲ್ಲಿ ಇವತ್ತು ಮಾಡುವುದು ಕೀಹೋಲ್ ಸರ್ಜರಿ. ರೋಗಿಯದೇ ತೊಡೆ ಅಥವಾ ಕಾಲಿನಿಂದ ಸ್ನಾಯುರಜ್ಜು ತೆಗೆದು ಎಸಿಎಲ್ ಜಾಗದಲ್ಲಿ ಕೂರಿಸುತ್ತಾರೆ. ಇದು ಹರಿದದ್ದನ್ನು ಬೆಳೆಸುವುದಲ್ಲ, ಬದಲಿ ಹಗ್ಗ ಕಟ್ಟುವುದು. ಹೆಚ್ಚಿನವರು ಓಡಾಟಕ್ಕೆ, ಹಲವರು ಆಟಕ್ಕೂ ಮರಳುತ್ತಾರೆ. ಹೀಗಿದ್ದೂ ಹೊಸ ದಾರಿ ಹುಡುಕುವುದಕ್ಕೆ ಕಾರಣ ಇದೆ. ಎಸಿಎಲ್ ಹರಿದವರಲ್ಲಿ ಸುಮಾರು ಅರ್ಧದಷ್ಟು ಜನರಿಗೆ 10ರಿಂದ 20 ವರ್ಷದಲ್ಲಿ ಮಂಡಿ ಸವೆತ ಬರುತ್ತದೆ. ಸರ್ಜರಿ ಮಾಡಿಸಿದರೂ ಆ ಅಪಾಯ ಪೂರ್ತಿ ಹೋಗುವುದಿಲ್ಲ.

ಮರ್ರೆ ಅವರ ತಂಡ ಸೇತುವೆಯ ಕೊರತೆಯನ್ನೇ ನೇರವಾಗಿ ಹಿಡಿಯಿತು. ದನದ ಕೊಲಾಜೆನ್‌ನಿಂದ ಸ್ಪಂಜಿನಂಥ ತುಂಡು ಮಾಡಿ, ರೋಗಿಯ ರಕ್ತದಲ್ಲಿ ನೆನೆಸಿ, ಹರಿದ ಎರಡು ತುದಿಗಳ ನಡುವೆ ಸರ್ಜರಿಯಲ್ಲಿ ಕೂರಿಸುವುದು. ದ್ರವದಲ್ಲಿ ಕರಗದ ಹೆಪ್ಪು ಸಿಕ್ಕ ಹಾಗಾಯಿತು. ಇಲ್ಲಿ ಜೀನೂ ಇಲ್ಲ, ಸ್ಟೆಮ್ ಸೆಲ್ ಚುಚ್ಚುವುದೂ ಇಲ್ಲ. ಬೇರ್ ಎಂಬ ಈ ಇಂಪ್ಲಾಂಟ್‌ಗೆ ಅಮೆರಿಕದ ಔಷಧ ನಿಯಂತ್ರಕ ಸಂಸ್ಥೆ ಎಫ್‌ಡಿಎ 2020ರ ಡಿಸೆಂಬರ್‌ನಲ್ಲಿ ಅನುಮತಿ ಕೊಟ್ಟಿತು. 100 ಜನರ ಪರೀಕ್ಷೆಯಲ್ಲಿ ಎರಡು ವರ್ಷದ ಹೊತ್ತಿಗೆ ಫಲಿತಾಂಶ ಹಳೆಯ ಸರ್ಜರಿಗೆ ಸರಿಸಮವಾಗಿತ್ತು. ಮತ್ತೆ ಹರಿದದ್ದು ಇದರಲ್ಲಿ 14%, ಹಳೆಯದರಲ್ಲಿ 6%. ಗುಂಪು ಚಿಕ್ಕದಾದ್ದರಿಂದ ಈ ವ್ಯತ್ಯಾಸ ಲೆಕ್ಕದಲ್ಲಿ ಗಟ್ಟಿಯಾಗಿ ನಿಲ್ಲಲಿಲ್ಲ. ಆದರೂ ಅದನ್ನು ಸುಮ್ನೆ ಬಿಟ್ಟುಬಿಡುವಂತಿಲ್ಲ.

ಜೀನ್ ಮತ್ತು ಸ್ಟೆಮ್ ಸೆಲ್‌ಗೆ ಮುಂದೆ ಜಾಗ ಇದ್ದರೆ ಅದು ಇಂಥ ಸೇತುವೆಯ ಮೇಲೆ ಇರುತ್ತದೆ. ಸೇತುವೆ ಕೋಶಗಳನ್ನು ಹಿಡಿದಿಡುತ್ತದೆ, ಜೀನ್ ಬೇಕಾದಷ್ಟು ದಿನ ಸೂಚನೆ ಕೊಡುತ್ತದೆ, ಆಮೇಲೆ ಕ್ರಮವಾಗಿ ಹೆಚ್ಚಿಸುವ ವ್ಯಾಯಾಮದ ಎಳೆತ ನಾರುಗಳನ್ನು ಒಂದೇ ದಿಕ್ಕಿಗೆ ತರುತ್ತದೆ. ಮೂರೂ ಸೇರಬೇಕು. ಬರೀ ಸೂಜಿಯಲ್ಲಿ ಇದು ಆಗುತ್ತದೆ ಎನ್ನುವವರು ಎರಡು ಹಂತ ಬಿಟ್ಟು ಮಾತಾಡುತ್ತಿದ್ದಾರೆ.

## ತಾನೇ ಮಾಯುವ ಲಿಗಮೆಂಟ್, ಮತ್ತು ಎಂಆರ್‌ಐ ಸಾಕ್ಷಿ

ಈ ಚರ್ಚೆಯಲ್ಲಿ ಹೆಚ್ಚು ಜನ ಗಮನಿಸದ ಸಂಗತಿ ಒಂದಿದೆ. ಸ್ವೀಡನ್‌ನಲ್ಲಿ ಎಸಿಎಲ್ ಹರಿದ 121 ಯುವಜನರನ್ನು ಎರಡು ಗುಂಪು ಮಾಡಿ ನೋಡಿದರು. ಒಂದು ಗುಂಪಿಗೆ ಬೇಗ ಸರ್ಜರಿ. ಇನ್ನೊಂದಕ್ಕೆ ಮೊದಲು ವ್ಯಾಯಾಮ, ಬೇಕಾದರೆ ಆಮೇಲೆ ಸರ್ಜರಿ. ಎರಡನೇ ಗುಂಪಿನ ಸುಮಾರು ಅರ್ಧ ಜನರಿಗೆ ಐದು ವರ್ಷದವರೆಗೂ ಸರ್ಜರಿ ಬೇಕಾಗಲಿಲ್ಲ. 2022ರಲ್ಲಿ ಅವರ ಎಂಆರ್‌ಐಗಳನ್ನು ಮತ್ತೆ ನೋಡಿದಾಗ, ಎರಡು ವರ್ಷದ ಹೊತ್ತಿಗೆ ಬರೀ ವ್ಯಾಯಾಮದಲ್ಲೇ ಇದ್ದ 30 ಜನರಲ್ಲಿ 16 ಮಂದಿಯ ಎಸಿಎಲ್ ಕೂಡಿಕೊಂಡಿರುವ ಲಕ್ಷಣ ಇತ್ತು. 2023ರಲ್ಲಿ ಆಸ್ಟ್ರೇಲಿಯಾದಿಂದ ಇನ್ನೊಂದು ವರದಿ ಬಂತು. 80 ಜನರ ಮಂಡಿಯನ್ನು ನಾಲ್ಕು ವಾರ 90 ಡಿಗ್ರಿಗೆ ಮಡಿಸಿ ಬ್ರೇಸ್‌ನಲ್ಲಿ ಇಟ್ಟು, ಆಮೇಲೆ ನಿಧಾನವಾಗಿ ಬಿಚ್ಚುತ್ತಾ ಹೋದರು. ಮೂರು ತಿಂಗಳಿಗೆ 90% ಜನರ ಎಂಆರ್‌ಐಯಲ್ಲಿ ಕೂಡಿಕೆ ಕಾಣಿಸಿತು. ಅದರಲ್ಲಿ ಹೋಲಿಕೆಗೆ ಇನ್ನೊಂದು ಗುಂಪು ಇರಲಿಲ್ಲ. ಕಾಲಿನಲ್ಲಿ ರಕ್ತ ಹೆಪ್ಪುಗಟ್ಟುವ ಅಪಾಯವೂ ಇರುವುದರಿಂದ ಮನೆಯಲ್ಲಿ ತಾವೇ ಮಾಡಿ ನೋಡುವ ಪದ್ಧತಿ ಇದಲ್ಲ.

ಈಗ ಜಾಹೀರಾತಿನ ಎರಡು ಎಂಆರ್‌ಐ ಚಿತ್ರಗಳನ್ನು ನೋಡಿ. ಮೊದಲನೆಯದರಲ್ಲಿ ಹರಿದಿದೆ, ಇಂಜೆಕ್ಷನ್ ಆಗಿ ಆರು ತಿಂಗಳಿಗೆ ಕೂಡಿದೆ. ಆ ಆರು ತಿಂಗಳು ರೋಗಿ ಬ್ರೇಸ್ ಹಾಕಿದ್ದ, ಫಿಸಿಯೊಥೆರಪಿ ಮಾಡಿದ್ದ, ಆಟ ನಿಲ್ಲಿಸಿದ್ದ. ಕೂಡಿಸಿದ್ದು ಇಂಜೆಕ್ಷನ್ನೋ, ಅವನ ಮೈಯೋ? ಇಂಜೆಕ್ಷನ್ ಇಲ್ಲದೆ ಅದನ್ನೇ ಮಾಡಿದ ಇನ್ನೊಂದು ಗುಂಪು ಇದ್ದರೆ ಮಾತ್ರ ಹೇಳಬಹುದು. ಇನ್ನು ಎಂಆರ್‌ಐಯಲ್ಲಿ ಕೂಡಿದಂತೆ ಕಂಡ ಮಾತ್ರಕ್ಕೆ ಹಗ್ಗ ಗಟ್ಟಿ ಎಂದಲ್ಲ. ಮೊಲದ ಲಿಗಮೆಂಟನ್ನು ತೆಗೆದು, ಯಂತ್ರದಲ್ಲಿ ಎಳೆದು, ಎಷ್ಟಕ್ಕೆ ಹರಿಯುತ್ತದೆ ಎಂದು ಅಳೆಯುತ್ತಾರೆ. ಮನುಷ್ಯರಲ್ಲಿ ಹಾಗೆ ಮಾಡಲಾಗದು. ವರ್ಷಗಟ್ಟಲೆ ಹಿಂಬಾಲಿಸಿ, ಮಂಡಿ ಜಾರುತ್ತಾ, ಮತ್ತೆ ಹರಿಯಿತಾ ಎಂದು ನೋಡುವುದೊಂದೇ ದಾರಿ.

## ನಿಮ್ಮದೇ ಕೋಶ, ಅನುಮತಿ ಯಾಕೆ?

ಇಂಥ ಚಿಕಿತ್ಸೆ ಕೊಡುವವರ ಬಲವಾದ ವಾದ ಇದು. ರೋಗಿಯ ಮೈಯಿಂದ ತೆಗೆದು ರೋಗಿಗೇ ಕೊಡುತ್ತೇವೆ, ಇದು ಔಷಧವೇ ಅಲ್ಲ ಎನ್ನುತ್ತಾರೆ. ಇರುವ ಸರ್ಜರಿ ಇಷ್ಟವಿಲ್ಲದ ರೋಗಿಗೆ ಕಾಯುವ ತಾಳ್ಮೆ ಎಲ್ಲಿಂದ ಬರಬೇಕು ಎಂದೂ ಕೇಳುತ್ತಾರೆ. ಆ ಸಂಕಟ ನಿಜವಾದದ್ದು, ಅದನ್ನು ತಳ್ಳಿಹಾಕುವಂತಿಲ್ಲ.

ಆದರೆ ನಿಯಮ ಬೇರೆ ಹೇಳುತ್ತದೆ. ಐಸಿಎಂಆರ್ (ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ) ಮತ್ತು ಜೈವಿಕ ತಂತ್ರಜ್ಞಾನ ಇಲಾಖೆಯ 2017ರ ಮಾರ್ಗಸೂಚಿ ಪ್ರಕಾರ, ಕೆಲವು ರಕ್ತ ಸಂಬಂಧಿ ಕಾಯಿಲೆಗಳ ಮಜ್ಜೆ ಕಸಿ ಮೊದಲಾದವನ್ನು ಬಿಟ್ಟರೆ ಉಳಿದ ಸ್ಟೆಮ್ ಸೆಲ್ ಬಳಕೆ, ಔಷಧವಾಗಿ ಒಪ್ಪಿಗೆ ಸಿಗುವವರೆಗೆ, ಒಪ್ಪಿಗೆ ಪಡೆದ ಕ್ಲಿನಿಕಲ್ ಟ್ರಯಲ್‌ನಲ್ಲಿ ಮಾತ್ರ. ಕೋಶಗಳನ್ನು ಲ್ಯಾಬಿನಲ್ಲಿ ಬೆಳೆಸಿದರೆ, ಕಿಣ್ವ ಹಾಕಿ ಬೇರ್ಪಡಿಸಿದರೆ ನಿಗಾ ಹೆಚ್ಚುತ್ತದೆ. ಜೀನ್ ಬದಲಾಯಿಸಿದರೆ ಎಲ್ಲಕ್ಕಿಂತ ಬಿಗಿ. 2019ರ ಹೊಸ ಔಷಧ ಮತ್ತು ಕ್ಲಿನಿಕಲ್ ಟ್ರಯಲ್ ನಿಯಮಗಳು ಸ್ಟೆಮ್ ಸೆಲ್ ಉತ್ಪನ್ನವನ್ನೂ ಜೀನ್ ಚಿಕಿತ್ಸೆಯ ಉತ್ಪನ್ನವನ್ನೂ ಹೊಸ ಔಷಧ ಎಂದೇ ಕರೆಯುತ್ತವೆ.

ಜೀವಕ್ಕೆ ಅಪಾಯವಿರುವ ರೋಗದಲ್ಲಿ ದೊಡ್ಡ ಅಪಾಯವನ್ನು ಎದುರಿಸಬಹುದು. ಫ್ರಾನ್ಸ್‌ನಲ್ಲಿ ಹುಟ್ಟಿನಿಂದಲೇ ರೋಗನಿರೋಧಕ ಶಕ್ತಿ ಇಲ್ಲದ ಮಕ್ಕಳಿಗೆ ಕೊಟ್ಟ ಜೀನ್ ಚಿಕಿತ್ಸೆ ಅವರ ಜೀವ ಉಳಿಸಿತು. ಆದರೆ ಜೀನ್ ಡಿಎನ್‌ಎಯಲ್ಲಿ ತಪ್ಪು ಜಾಗಕ್ಕೆ ಸೇರಿ ಕೆಲವು ಮಕ್ಕಳಿಗೆ ರಕ್ತದ ಕ್ಯಾನ್ಸರ್ ಬಂತು. ಆ ಮಕ್ಕಳಿಗೆ ಬೇರೆ ದಾರಿ ಕಡಿಮೆ ಇತ್ತು. ಆಟದಲ್ಲಿ ಮಂಡಿ ಹರಿದುಕೊಂಡ 22 ವರ್ಷದ ಆರೋಗ್ಯವಂತನಿಗೆ ವ್ಯಾಯಾಮ ಇದೆ, ಸರ್ಜರಿ ಇದೆ. ಅವನ ಮುಂದೆ ಇಡುವ ಹೊಸ ಚಿಕಿತ್ಸೆಯ ಸುರಕ್ಷತೆ ಅದಕ್ಕಿಂತ ಎಷ್ಟೋ ಗಟ್ಟಿಯಾಗಿರಬೇಕು.

## ಮಂಡಿಗೂ ಜೇಬಿಗೂ ಆಗುವ ಪರಿಣಾಮ

ದೊಡ್ಡ ನಷ್ಟ ದುಡ್ಡಿಗಿಂತ ಸಮಯದ್ದು. ಎಸಿಎಲ್ ಇಲ್ಲದೆ ಮಂಡಿ ಪದೇ ಪದೇ ಜಾರಿದರೆ ಒಳಗಿನ ಮೆನಿಸ್ಕಸ್ ಎಂಬ ಮೆತ್ತೆ ಹರಿಯುತ್ತದೆ. ಮೆತ್ತೆ ಹೋದರೆ ಸವೆತ ಬೇಗ ಶುರುವಾಗುತ್ತದೆ. ಇಂಜೆಕ್ಷನ್ ಕೆಲಸ ಮಾಡುತ್ತಿದೆ ಎಂದು ನಂಬಿ ಬೇಗ ಮೈದಾನಕ್ಕೆ ಇಳಿದರೆ ಆಗುವುದು ಇದೇ. ಬೆಳೆದ ಲಿಗಮೆಂಟಿಗೂ ಕೂರಿಸಿದ ಲಿಗಮೆಂಟಿಗೂ ಗಟ್ಟಿಯಾಗಲು ಒಂಬತ್ತು ತಿಂಗಳ ಮಟ್ಟಿಗೆ ಕಾಲ ಬೇಕು, ಅದನ್ನು ಯಾವ ಸೂಜಿಯೂ ಮೊಟಕು ಮಾಡಿ ತೋರಿಸಿಲ್ಲ.

ಇನ್ಶೂರೆನ್ಸ್ ವಿಷಯವೂ ಹೀಗೇ. ವಿಮಾ ಪ್ರಾಧಿಕಾರ ಪಾಲಿಸಿಯಲ್ಲಿ ಸೇರಿಸಲೇಬೇಕು ಎಂದು ಪಟ್ಟಿ ಮಾಡಿದ ಆಧುನಿಕ ಚಿಕಿತ್ಸೆಗಳಲ್ಲಿ ಸ್ಟೆಮ್ ಸೆಲ್ ಹೆಸರಿದೆ. ಆದರೆ ಅದು ರಕ್ತದ ಕಾಯಿಲೆಗೆ ಮಾಡುವ ಮಜ್ಜೆ ಕಸಿಗೆ ಮಾತ್ರ. ಮಂಡಿಗೆ ತೆಗೆದುಕೊಂಡರೆ ಬಿಲ್ಲು ಕೈಯಿಂದಲೇ ಕಟ್ಟಬೇಕಾಗುತ್ತದೆ.

ಸಂಶೋಧನೆಗೂ ಏಟು ಬೀಳುತ್ತದೆ. ದುಡ್ಡು ಕೊಟ್ಟು ಇಂಜೆಕ್ಷನ್ ಸಿಗುವುದಾದರೆ, ಕೋಶವಿಲ್ಲದ ಗುಂಪಿಗೂ ಬೀಳಬಹುದಾದ ಪರೀಕ್ಷೆಗೆ ಯಾರು ಸೇರುತ್ತಾರೆ? ಪರೀಕ್ಷೆ ಇಲ್ಲದೆ ಸಾಕ್ಷಿ ಇಲ್ಲ, ಸಾಕ್ಷಿ ಇಲ್ಲದೆ ಒಳ್ಳೆಯ ಚಿಕಿತ್ಸೆಯೂ ಜನರನ್ನು ಮುಟ್ಟುವುದಿಲ್ಲ. ಜಿಕೆವಿಕೆ ಆವರಣದಲ್ಲಿ ಸ್ಟೆಮ್ ಸೆಲ್‌ಗೆಂದೇ ಒಂದು ರಾಷ್ಟ್ರೀಯ ಸಂಸ್ಥೆ ಇರುವ ಊರಿನಲ್ಲಿ, ಜಾಹೀರಾತು ಸಂಶೋಧನೆಗಿಂತ ಮುಂದೆ ಓಡುತ್ತಿರುವುದು ಬೇಸರದ ವಿಷಯ.

ಯಾರಾದರೂ ಲಿಗಮೆಂಟಿಗೆ ಸ್ಟೆಮ್ ಸೆಲ್ ಅಥವಾ ಜೀನ್ ಚಿಕಿತ್ಸೆ ಕೊಡುತ್ತೇವೆ ಎಂದರೆ ಮೊದಲು ಕೇಳಬೇಕಾದದ್ದು ಸಿಟಿಆರ್‌ಐ, ಅಂದರೆ ದೇಶದ ಕ್ಲಿನಿಕಲ್ ಟ್ರಯಲ್ ನೋಂದಣಿ ಪಟ್ಟಿಯ ನಂಬರ್. ದೇಶದಲ್ಲಿ ನಡೆಯುವ ಕ್ಲಿನಿಕಲ್ ಟ್ರಯಲ್‌ಗಳೆಲ್ಲ ಅಲ್ಲಿ ನೋಂದಣಿ ಆಗಬೇಕು ಎಂಬ ನಿಯಮ 2009ರಿಂದ ಇದೆ. ಆ ವೆಬ್‌ಸೈಟನ್ನು ಯಾರು ಬೇಕಾದರೂ ತೆರೆದು ನೋಡಬಹುದು: ಯಾವ ಕಾಯಿಲೆಗೆ, ಎಷ್ಟು ಜನರ ಮೇಲೆ, ಯಾವ ಆಸ್ಪತ್ರೆಯಲ್ಲಿ, ಹೋಲಿಕೆಯ ಗುಂಪು ಯಾವುದು ಎಲ್ಲವೂ ಇರುತ್ತದೆ. ಕಾಯಿಲೆಯ ಹೆಸರು ಮಂಡಿ ಸವೆತ ಎಂದಿದ್ದರೆ ಅದು ಲಿಗಮೆಂಟಿನ ಪರೀಕ್ಷೆ ಅಲ್ಲ. ನಿಜವಾದ ಟ್ರಯಲ್‌ನಲ್ಲಿ ಪರೀಕ್ಷಿಸುತ್ತಿರುವ ಔಷಧಕ್ಕೆ ರೋಗಿಯಿಂದ ದುಡ್ಡು ಕೇಳುವಂತಿಲ್ಲ. ಅದರಿಂದ ತೊಂದರೆಯಾದರೆ ಚಿಕಿತ್ಸೆ, ಪರಿಹಾರ ಎರಡನ್ನೂ ಟ್ರಯಲ್ ನಡೆಸುವವರೇ ಕೊಡಬೇಕು. ಒಪ್ಪಿಗೆ ಪತ್ರವನ್ನು ಕನ್ನಡದಲ್ಲಿ ಕೇಳಿ ಪಡೆದು, ಮನೆಗೆ ಒಯ್ದು ಓದಿ, ಅರ್ಥವಾಗದ್ದನ್ನು ಮತ್ತೆ ಬಂದು ಕೇಳುವ ಹಕ್ಕು ರೋಗಿಗಿದೆ.